ಒಲೆ ಸೀಳಿದ ದಾರ

ಶೇಡಬಾಳದಲ್ಲಿ ಅಣ್ಣ-ತಮ್ಮ ಇಬ್ಬರು ಮನೆಜಾಗ ಪಾಲು ಮಾಡಿಕೊಡಲು ನನ್ನನ್ನು ಕರೆದಿದ್ದರು. ನಾನು ಮೋಜಣಿದಾರ. ಜಾಗ ನೆಟ್ಟಗೆ ಆಯತಾಕಾರ. ಮೂಲೆಗಳ ನಿರ್ದೇಶಾಂಕ ಹಿಡಿದು, ಕೂಡಿಸಿ ಅರ್ಧ ಮಾಡಿ, ಮುಂದೊಂದು ಹಿಂದೊಂದು ಮಧ್ಯಬಿಂದುವಿಗೆ ಗೂಟ ಬಡಿದು ದಾರ ಎಳೆದೆ. ಎರಡೂ ಕಡೆ ಕ್ಷೇತ್ರಫಲ ಸಮ. ದಾರ ಮಾತ್ರ ಮುಂಭಾಗದಲ್ಲಿದ್ದ ಅಣ್ಣನ ಹೆಂಡತಿಯ ಒಲೆಯ ನಟ್ಟನಡುವೆ ಹಾದಿತ್ತು.

“ಸಾಹೇಬ್ರ, ರೊಟ್ಟಿ ಯಾರ ಪಾಲಿನ್ಯಾಗ ಸುಡ್ಲಿ?” ಅಂದಳು ಆಕೆ.

ಮುಂದಿನ ಗೂಟವನ್ನು ಮೂರಡಿ ತಮ್ಮನ ಕಡೆಗೆ, ಹಿಂದಿನದನ್ನು ಮೂರಡಿ ಅಣ್ಣನ ಕಡೆಗೆ ಸರಿಸಿದೆ. ಕ್ಷೇತ್ರಫಲ ಅಷ್ಟೇ ಉಳಿಯಿತು, ಒಲೆಯೂ ಉಳಿಯಿತು. ನಾನು ಬೀಗುವಷ್ಟರಲ್ಲಿ ಹಿತ್ತಲಿನಿಂದ ಆಕೆಯದೇ ದನಿ ಬಂತು: “ದಾರ ಈಗ ನಮ್ಮ ಬಚ್ಚಲದಾಗ ಬಂದೈತ್ರಿ. ಅರ್ಧಾ ಮೈ ಮೈದುನನ ಮನ್ಯಾಗ ತೊಳಕೋಬೇಕೇನ್ರಿ?”

ತಮ್ಮನ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಸರೀರಿ ಅತ್ತಾಗ” ಎಂದು ಹಿಂದಿನ ಗೂಟವನ್ನು ತಾನೇ ಕಿತ್ತು, ಬಚ್ಚಲು ದಾಟಿಸಿ ತನ್ನ ಜಾಗದೊಳಗೆ ನೆಟ್ಟಳು.

“ಹಿಂಗಾದ್ರ ನಿಮ್ಮ ಕ್ಷೇತ್ರಫಲ ಕಡಿಮಿ ಆಗತೈತಿ...” ಎಂದು ಬಾಯಿ ತೆರೆದೆ.

“ಚಾ ಆರಾಕತ್ತೈತಿ, ಕುಡೀರಿ” ಅಂದಳು.

ಇನ್ನೊಮ್ಮೆ ಅಳೆದಾನೆಂಬ ಆಸೆಯಿಂದ ತಮ್ಮ ನನ್ನ ಅಳತೆಯ ಯಂತ್ರದ ಕಡೆ ನೋಡಿದ. ನಾನದನ್ನು ಆಗಲೇ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆ. ನನಗೂ ಮನೆಯಲ್ಲಿ ಹೆಂಡತಿ ಇದ್ದಾಳೆ.