ಹರಿಹರದಿಂದ ನಡೆದು ಬಂದ ಬಾಕಿ ದಾರಿ

ಬೆಳಗಿನ ಪ್ಯಾಸೆಂಜರ್ ರೈಲಿಗೆ ದಾವಣಗೆರೆಯಿಂದ ಹರಿಹರಕ್ಕೆ ಹೊರಟೆವು, ನಾನು ಮತ್ತು ಜಪಾನಿನಿಂದ ಬಂದಿದ್ದ ನನ್ನ ಗೆಳತಿ ಯುಮಿ. ಟಿಕೆಟ್ಟು ತಲೆಗೆ ಹತ್ತು ರೂಪಾಯಿ. ಕಿಟಕಿ ಪಕ್ಕದ ಸೀಟು ಹಿಡಿದು ಸರಿಯಾಗಿ ಕೂರುವಷ್ಟರಲ್ಲಿ ಊರು ಬಂದುಬಿಡುತ್ತದೆ. ಇದನ್ನೂ ಒಂದು ಪ್ರವಾಸವೆಂದು ಬರೆಯಬೇಕೇ ಎಂದು ನಗಬೇಡಿ. ವಾಪಸ್ ಬಂದದ್ದು ನಡೆದುಕೊಂಡು, ಹದಿನಾಲ್ಕು ಕಿಲೋಮೀಟರ್.

ಜಪಾನಿನಲ್ಲಿ ನಾನೂ ಯುಮಿಯೂ ಒಟ್ಟಿಗೆ ಓದುವಾಗ ನಮ್ಮ ದಿನಚರಿ ಹೀಗಿತ್ತು: ಹಗಲು ತರಗತಿ, ಸಂಜೆ ನೂಡಲ್ಸ್ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಕೆಲಸ, ಆಮೇಲೆ ನಡಿಗೆ ಸಂಘದ ಕೋಣೆ. ಜಪಾನಿನ ಕಾಲೇಜು ಮಕ್ಕಳಿಗೆ ಸಂಘವೆಂದರೆ ಎರಡನೇ ಮನೆ. ಚಳಿಗಾಲದಲ್ಲಿ ಹೀಟರ್ ಅಡಗಿಸಿದ ತಗ್ಗು ಮೇಜು, ಅದರ ಮೇಲೆ ರಜಾಯಿ, ಅದರೊಳಗೆ ನಮ್ಮೆಲ್ಲರ ಕಾಲು. ಕಿತ್ತಳೆ ಸುಲಿಯುತ್ತ ಮೇಷ್ಟರುಗಳನ್ನು ಅಣಕಿಸುತ್ತಿದ್ದೆವು. ಊರಿಗೆ ಹೋಗಿಬಂದವರು ಎಲ್ಲರಿಗೂ ಸಿಹಿ ತರಲೇಬೇಕು. ಭಾನುವಾರ ಲೋಕಲ್ ರೈಲು ಹತ್ತಿ ಯಾವುದೋ ಸ್ಟೇಷನ್ನಿನಲ್ಲಿ ಇಳಿದು, ನಡೆದು ವಾಪಸ್ಸಾಗುವುದೇ ನಮ್ಮ ಮೋಜು.

ಕೊನೆಯ ವರ್ಷದವರಿಗೆ ಬೀಳ್ಕೊಡುಗೆಯ ನಡಿಗೆ ಇರುತ್ತಿತ್ತು. ಎಲ್ಲಿಂದ ನಡೆಯಬೇಕೆಂದು ಅವರೇ ಆರಿಸಬೇಕು, ದಾರಿಯಲ್ಲಿ ಯಾವ ಗಾಡಿಯನ್ನೂ ಹತ್ತುವಂತಿಲ್ಲ. ನಡಿಗೆ ಮುಗಿಯುವ ಜಾಗದಲ್ಲಿ ಕಿರಿಯರು ಕಾದು ನಿಂತು "ಒಕಾಎರಿ" ಎನ್ನಬೇಕು. ಮನೆಗೆ ಮರಳಿದವರಿಗೆ ಅಲ್ಲಿಯವರು ಹೇಳುವ ಮಾತದು, ನಾವು 'ಬಂದೆಯಾ' ಅಂದಂತೆ. ಅದು ಕಿವಿಗೆ ಬಿದ್ದರೇ ನಡಿಗೆ ಮುಗಿದ ಹಾಗೆ. ನನ್ನ ಸರದಿ ಬರುವಷ್ಟರಲ್ಲಿ ಕೊರೊನಾ ಬಂತು. ಸಿಕ್ಕ ವಿಮಾನ ಹತ್ತಿ ಊರು ಸೇರಿದೆ. ಈಗ ಸೇರುವವರಿಲ್ಲದೆ ಸಂಘವೇ ಮುಚ್ಚಿಹೋಗಿದೆಯಂತೆ.

"ನಿನ್ನದೊಂದು ನಡಿಗೆ ಬಾಕಿ ಇದೆ," ಎನ್ನುತ್ತ ಬಂದಿದ್ದಳು ಯುಮಿ. ಆದರೆ ಕೊನೆಯಲ್ಲಿ ಕಾದು ನಿಲ್ಲುವವರು ಯಾರು?

ಹರಿಹರದಲ್ಲಿ ಹೊಳೆದಂಡೆಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟೆವು. ನಮ್ಮ ಜನ ನಡೆಯಲು ಬಿಟ್ಟರೆ ತಾನೇ! ಮಾರಿಗೊಂದು ಬೈಕು ನಿಲ್ಲುತ್ತಿತ್ತು. "ಯಾಕ್ರಿ, ಬಸ್ ತಪ್ಪಿತೇನ್ರಿ? ಬರ್ರಿ, ಬಿಡ್ತೀನಿ." ಯುಮಿ ಪ್ರತಿಯೊಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿ ಸುಸ್ತಾದಳು.

ಅರ್ಧ ದಾರಿಯ ದೊಡ್ಡಬಾತಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದಾಗ ದಾವಣಗೆರೆಯ ಆನೆಕೊಂಡದ ನನ್ನ ಸೋದರಮಾವ ಬಸಣ್ಣ ತನ್ನ ಆಟೋದಲ್ಲಿ ಬಂದಿಳಿದ. ಯಾರೋ ಸುದ್ದಿ ಮುಟ್ಟಿಸಿದ್ದರು.

"ಮನಿಗೆ ಬಂದ ನೆಂಟ್ರನ್ನ ಬಿಸ್ಲಾಗೆ ನಡಸ್ತೀಯಲ್ಲೇ ಗಿರಿಜಾ! ನೋಡಿದೋರು ಏನಂತಾರ? ಹತ್ರಿ ಇಬ್ರೂ."

"ಬ್ಯಾಡ ಮಾವ. ಗಾಡಿ ಹತ್ತಿದ್ರೆ ನಡಿಗೆ ಕೆಡ್ತೈತೆ. ಸ್ಟೇಷನ್ ತನಕ ನಡದೇ ಬರ್ತೀವಿ."

"ಓದಿದ್ದು ಜಾಸ್ತಿ ಆತು ನಿಂಗೆ!" ಎಂದು ಸಿಡುಕಿ, ಆಟೋ ತಿರುಗಿಸಿಕೊಂಡು ಹೊರಟುಹೋದ.

ಮುಂದಿನ ದಾರಿ ಉದ್ದವಾಯಿತು. ಎಡಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ದಾವಣಗೆರೆ ಸ್ಟೇಷನ್ ಹತ್ತಿರವಾದಾಗ ಪದ್ಧತಿಯಂತೆ ಯುಮಿ ಹಿಂದೆ ಉಳಿದಳು. ಕೊನೆಯ ತಿರುವನ್ನು ಒಬ್ಬರೇ ದಾಟಬೇಕು. ಅಲ್ಲಿ ಯಾರೂ ಇರುವುದಿಲ್ಲವೆಂದು ಗೊತ್ತಿದ್ದೂ ಹೆಜ್ಜೆ ಹಾಕಿದೆ. ಇಷ್ಟು ದೂರದಿಂದ ಬಂದ ಗೆಳತಿಯ ಶ್ರಮವೂ ವ್ಯರ್ಥವಾಯಿತಲ್ಲ ಎನಿಸಿತು.

ತಿರುವು ದಾಟಿದರೆ, ಸ್ಟೇಷನ್ ಮುಂದೆ ಮಾವನ ಆಟೋ. ಎರಡು ಎಳನೀರು ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದ.

"ಬಂದ್ಯೇನವ್ವ? ಬಾ," ಎಂದ.

ನಾನು ನಿಂತಲ್ಲೇ ಅತ್ತುಬಿಟ್ಟೆ. ಓಡಿ ಬಂದ ಯುಮಿ, ಅವರು ಏನಂದರೆಂದು ಕೇಳಿದಳು. ಹೇಳಿದೆ. ಅವಳು ಮಾವನ ಮುಂದೆ ನಿಂತು, ಅಷ್ಟು ಹೊತ್ತು ಯಾರಿಗೂ ಬಾಗದಷ್ಟು ಆಳವಾಗಿ ಬಾಗಿದಳು. ಮಾವನಿಗೆ ಗಾಬರಿ, ಎಳನೀರು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ಇದೇನವ್ವ ಇದು... ಈಗಾದ್ರೂ ಆಟೋ ಹತ್ತಬೋದೋ, ಇಲ್ಲೋ?"

"ಹತ್ತಬೋದು ಮಾವ," ಎಂದೆ. "ನಡಿಗೆ ಮುಗೀತು."