ಭಾವನ ಜೋಳ

ಭಾವ ಎಂದರೆ ನನ್ನ ಗಂಡನ ಅಣ್ಣ. ನಮ್ಮ ಕಡೆ ಸೊಸೆಯಾದವಳು ಭಾವನ ಎದುರು ಸೆರಗು ಮುಂದಕ್ಕೆ ಎಳೆದುಕೊಂಡೇ ಓಡಾಡಬೇಕು, ಮುಖ ಕೊಟ್ಟು ಮಾತಾಡುವಂತಿಲ್ಲ. ಉಮರ್ಗಾ ಕಡೆಯ ತವರಿನಿಂದ ಮಹಾರಾಷ್ಟ್ರ ಗಡಿಯ ನಿಲಂಗಾ ತಾಲೂಕಿನ ಈ ಮನೆಗೆ ಬಂದ ಮೇಲೆ ನನ್ನ ಮಕ್ಕಳು ಕಾಲೇಜು ಮುಟ್ಟಿದ್ದರೂ, ಆತನಿಗೆ ಹೇಳಬೇಕಾದ್ದನ್ನು ನಾನು ಗೋಡೆಗೋ ದನಕ್ಕೋ ಹೇಳುತ್ತಿದ್ದೆ. ಆತನ ಹೆಂಡತಿ, ನನ್ನ ನೆಗೆಣ್ಣಿ, ತೀರಿಕೊಂಡ ಮೇಲೆ ಆತನ ತಾಟಿಗೂ ನಾನೇ ಬಡಿಸುತ್ತಿದ್ದೆ.

ಆ ವರ್ಷ ಉದಗೀರದಿಂದ ಜೀಪಿನಲ್ಲಿ ಬಂದ ಬೀಜದ ಮೇಡಂ ನಮ್ಮ ಹೊಲದಲ್ಲೇ ಬಗೆಬಗೆಯ ಹಿಂಗಾರಿ ಜೋಳಗಳನ್ನು ಪಟ್ಟಿ ಪಟ್ಟಿಯಾಗಿ ಬಿತ್ತಿಸಿದ್ದರು. ತೆನೆ ಬಲಿತಾಗ ಊರವರನ್ನೆಲ್ಲ ಕರೆದು, ಮೆಚ್ಚಿದ ಪಟ್ಟಿಯ ಗೂಟಕ್ಕೆ ರಿಬ್ಬನ್ ಕಟ್ಟಿ ಎಂದರು. ಗಂಡಸರಿಗೆ ಹಳದಿ, ಹೆಂಗಸರಿಗೆ ಕೆಂಪು. ಹೆಚ್ಚು ರಿಬ್ಬನ್ ಬಿದ್ದ ಜೋಳವೇ ಊರಿನ ಬೀಜ. ಗಂಡಸರು ದಪ್ಪ ತೆನೆ ನೋಡಿ ಮರುಳಾದರು. ನಾವು ಕಾಳನ್ನು ಹಲ್ಲಿಗಿಟ್ಟು ಕಡಿದೆವು, ದಂಟು ಮುರಿದು ಜಗಿದೆವು. ರೊಟ್ಟಿ ಬಡಿಯುವವರು ನಾವು, ದನಕ್ಕೆ ಒಣ ದಂಟಿನ ಕಣಿಕೆ ಹಾಕುವವರೂ ನಾವು. ತೆನೆ ಸಣ್ಣದಾದರೂ ಮುತ್ತಿನಂಥ ಕಾಳಿನ, ಸಿಹಿ ದಂಟಿನ ಪಟ್ಟಿಗೇ ನಮ್ಮ ಕೆಂಪೆಲ್ಲ ಬಿತ್ತು.

ಮೇಡಂ ಬದುವಿನಾಚೆ ಚಹಾ ಕುಡಿಯುತ್ತಿದ್ದಾಗ ಭಾವ ಹೋಗಿ ನಮ್ಮ ರಿಬ್ಬನ್ನುಗಳನ್ನು ಬಿಚ್ಚಿ ತನ್ನ ದಪ್ಪ ತೆನೆಯ ಗೂಟಕ್ಕೆ ಕಟ್ಟಿದ. ಕದ್ದೂ ಅಲ್ಲ, ನಮ್ಮ ಕಣ್ಣೆದುರಿಗೇ!

“ಹೆಣ್ಮಕ್ಕಳಿಗೇನ್ ತಿಳೀತದ? ತಪ್ಪಿ ಕಟ್ಯಾರ,” ಎಂದು ನಕ್ಕ.

ಊರೆಲ್ಲ ಒಂದೇ ಜೋಳ ಮೆಚ್ಚಿದೆ ಎಂದುಕೊಂಡು ಮೇಡಂ ಖುಷಿಯಿಂದ ಹೋದರು. ನಾನು ಸೆರಗಿನೊಳಗೆ ಹಲ್ಲು ಕಡಿದೆ. ದಾರಿಯಲ್ಲಿ ಕುರಿ ಸಾಕುವ ಮನೆಯ ಗೆಳತಿ, “ಯಾಕ ಸುಮ್ಕಿದ್ದಿ ಯವ್ವಾ?” ಎಂದಳು.

“ತಡಿ. ಇಂವಗ ನೀರ್ ಕುಡಸಲಿಲ್ಲಂದ್ರ ಕೇಳು,” ಎಂದೆ.

ಊರಿಗೆ ಹಂಚಲು ಬೀಜ ಬೇಕೆಂದು ಮುಂದಿನ ಹಂಗಾಮಿನಲ್ಲಿ ನಮ್ಮ ಹೊಲದಲ್ಲೇ ಭಾವನ ಜೋಳ ಬಿತ್ತಿದೆವು. ಚೀಲ ಚೀಲ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹಿಟ್ಟಿಗೆ ಜಿಗಿ ಇಲ್ಲ. ಬಡಿದರೆ ಅಂಚು ಸೀಳುತ್ತದೆ, ಹಂಚಿನ ಮೇಲೆ ಹಾಕಿದರೆ ಒಡೆಯುತ್ತದೆ. ನಮ್ಮ ದೇವಣಿ ತಳಿಯ ಎತ್ತುಗಳು ಕಣಿಕೆ ಮೂಸಿ ಮುಖ ತಿರುಗಿಸಿದವು. ಎತ್ತುಗಳಿಗಾದರೂ ಆ ಹಕ್ಕಿತ್ತು! ಅತ್ತೆ ಮತ್ತು ನಾನು ಕುದಿಯುವ ಎಸರು ಹಾಕಿ ನಾದಿ, ನನ್ನ ತವರಿನ ಹಳೆಯ ಜೋಳದ ಹಿಟ್ಟು ಬೆರೆಸಿ, ಹೇಗೋ ರೊಟ್ಟಿ ಮುರಿಯದಂತೆ ನೋಡಿಕೊಂಡೆವು. ಭಾವ ತಿಂದು ತೇಗಿ ಕಾಸಾರಶಿರಸಿ ಬಾಜಾರದಲ್ಲಿ ಹೇಳಿಕೊಂಡು ತಿರುಗಿದ: “ನಾ ಆರಿಸಿದ್ ಜ್ವಾಳ ಅದ. ರೊಟ್ಟಿ ಹೂವಿನಂಗ ಆಗ್ತಾವ.” ಕೇಳಿ ನನ್ನ ಮೈ ಉರಿದುಹೋಯಿತು.

ಬಿತ್ತನೆ ಹತ್ತಿರ ಬಂದಾಗ ಮೇಡಂ ಮತ್ತೆ ಬಂದರು. ಅದೇ ಬೀಜವನ್ನು ಊರಿಗೆಲ್ಲ ಹಂಚುವುದು, ಭಾವನಿಗೆ ಶಾಲು ಹೊದಿಸುವುದು, ನಮ್ಮ ಅಂಗಳದಲ್ಲೇ ಊಟ. ಬೆಳಿಗ್ಗೆ ಅತ್ತೆ ತವರಿನ ಹಿಟ್ಟಿನ ಡಬ್ಬಿ ತೆಗೆದರು.

“ಇವತ್ತ ಅದು ಬ್ಯಾಡ ಅತ್ತಿ. ಎಸರೂ ಬ್ಯಾಡ. ತಣ್ಣೀರಾಗೇ ನಾದತೀನಿ.”

“ಹುಚ್ಚಿ! ಮಂದಿ ಮುಂದ ಮಾನ ಹೋಗ್ತದ.”

“ಯಾರ್ದು?” ಎಂದೆ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿ ತಾವೇ ಒಳಗಿಟ್ಟು ಬಂದರು.

ರೊಟ್ಟಿಗಳು ತಾಟಿಗೆ ಬೀಳುವ ಮುಂಚೆಯೇ ಮುರಿದವು. ಚೂರುಗಳನ್ನೇ ಬುಟ್ಟಿಯಲ್ಲಿ ತುಂಬಿ ಪಂಕ್ತಿಗೆಲ್ಲ ಬಡಿಸಿದೆ. ಶಾಲು ಹೊದ್ದು ಕೂತಿದ್ದ ಭಾವ ಬೆವತುಹೋದ.

“ಇದೇನ್ ರೊಟ್ಟಿನೋ, ಭೂಸಾನೋ?” ಎಂದು ಗೋಡೆಯ ಕಡೆ ನೋಡಿ ಗುಡುಗಿದ.

“ತಾಈ, ಭಾಕರಿ ಅಶೀ ಕಾ ತುಟತೆ?” ಅಕ್ಕಾ, ರೊಟ್ಟಿ ಹೀಗೇಕೆ ಮುರಿಯುತ್ತಿದೆ ಎಂದು ಮೇಡಂ ಮರಾಠಿಯಲ್ಲಿ ನನ್ನನ್ನೇ ಕೇಳಿದರು.

ಭಾವನ ಜೊತೆ ಮಾತಾಡುವಂತಿಲ್ಲ, ಸರಿ. ಮೇಡಂ ಜೊತೆ ಆಡಬಾರದೆಂದು ಯಾವ ರೂಢಿಯೂ ಇಲ್ಲವಲ್ಲ! ರಿಬ್ಬನ್ ಬಿಚ್ಚಿದ್ದು, ವರ್ಷವಿಡೀ ಹಿಟ್ಟು ಬೆರೆಸಿದ್ದು, ಎಲ್ಲ ಹೇಳಿಬಿಟ್ಟೆ. “ಖರೇ ಅದ ರೀ, ನಾವ್ ಕಣ್ಣಾರೆ ನೋಡೀವಿ,” ಎಂದು ಅಂಗಳದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಮೇಡಂ ಹಂಚಿಕೆ ನಿಲ್ಲಿಸಿದರು. ಬಿತ್ತನೆಗೆ ನಾವು ಮೆಚ್ಚಿದ ಜೋಳವೇ ಊರಿಗೆ ಬಂತು.

“ಈಗಾರ ತಣ್ಣಗಾದಿಲ್ಲೋ?” ಎಂದು ಗಂಡ ಕೇಳಿದ. ಎಲ್ಲಿಯ ತಣ್ಣಗೆ! ನನ್ನ ಸಿಟ್ಟು ಇನ್ನೂ ಹಾಗೇ ಇತ್ತು.

ರಾಶಿ ಮುಗಿದು ಹೊಸ ಜೋಳ ಮನೆ ತುಂಬಿದಾಗ ಭಾವನ ಜೋಳದ ಚೀಲಗಳು ಇನ್ನೂ ಕೋಣೆಯಲ್ಲಿದ್ದವು. ಮಾರಿಬಿಡೋಣ ಎಂದ ಗಂಡ. ನಾನು ಬಿಡಲಿಲ್ಲ. ಗಿರಣಿಯಲ್ಲಿ ಎರಡು ಹಿಟ್ಟು ಬೇರೆ ಬೇರೆ ಬೀಸಿಸಿದೆ. ಮನೆಯವರಿಗೆಲ್ಲ ನಮ್ಮ ಜೋಳದ ಮೆತ್ತನೆಯ ರೊಟ್ಟಿ, ಭಾವನ ತಾಟಿಗೆ ಮಾತ್ರ ಆತನ ಜೋಳದ್ದು. ಆತ ಚೂರುಗಳನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ದಿನಗಳಲ್ಲಿ ನನಗೆ ಊಟ ಬಹಳ ರುಚಿಸುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಾಟಿನ ಮುಂದೆ ಕೂತ ಭಾವ ನನ್ನ ಕಡೆಗೇ ತಿರುಗಿ ಮೆಲ್ಲಗೆ ಅಂದ:

“ನಿಮ್ಮ ಜ್ವಾಳದ್ದೊಂದು ರೊಟ್ಟಿ ಕೊಡವಾ. ವಸಡಿ ನೋಯತಾವ.”

ಇಷ್ಟು ವರ್ಷಗಳಲ್ಲಿ ನನಗೇ ಎಂದು ಆತ ಆಡಿದ ಮೊದಲ ಮಾತು ಅದು. ಬುಟ್ಟಿಯಲ್ಲಿ ಬಿಸಿ ರೊಟ್ಟಿಗಳಿದ್ದವು. ನಾನು ಸೆರಗು ಹಿಂದೆ ಸರಿಸಿ ಆತನ ಮುಖವನ್ನೇ ನೋಡಿದೆ.

“ನಿಮ್ದೇ ಇನ್ನಾ ಒಂದು ಚೀಲ ಉಳದದ ರೀ ಭಾವಾ,” ಎಂದೆ. “ಅದು ತೀರಲಿ.”