ಅತ್ತೆಯ ಅಳತೆಯೂಟ

ನನ್ನ ಸೋದರತ್ತೆ ತನ್ನ ಪಾದಗಳನ್ನು ತಾನೇ ಕಂಡು ಎಷ್ಟೋ ವರ್ಷವಾಗಿತ್ತು. ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಹುಣ್ಣಾಗಿದೆಯೋ ಇಲ್ಲವೋ ನಾನು ಬಗ್ಗಿ ನೋಡಿ ಹೇಳಬೇಕು. “ನೋಡಲೇ ಹುಡುಗಿ, ಕಾಲು ಅದಾವೋ, ಊರ ಬಿಟ್ಟು ಹೋದ್ವೋ?” ಎಂದು ನಗುತ್ತಿದ್ದಳು.

ಮೈ ಬೆಳೆದಂತೆ ಗಂಡ ಅವಳನ್ನು ಕುಂದಗೋಳದ ಹತ್ತಿರದ ನಮ್ಮೂರಿಗೆ, ತವರಿಗೆ, ತಂದುಬಿಟ್ಟು ಹೋಗಿದ್ದ. ನಡುಮನೆಯಿಂದ ಕಟ್ಟೆಗೆ ಬರುವಷ್ಟರಲ್ಲಿ ಏದುಸಿರು. ಬಂದರೆ ಓಣಿಯ ಮಂದಿ ನಗುತ್ತಿದ್ದರು. ಹಾಗಾಗಿ ಮಂಚ, ಕಿಟಕಿ, ಇಷ್ಟೇ ಅವಳ ಊರು. ಅದಕ್ಕಿಂತ ಕೆಟ್ಟದ್ದು ನನ್ನ ಅವ್ವನ ಬಾಯಿ. “ಗಾಳಿ ಕುಡದು ಮೈ ಬರ್ತೈತೇನ? ಕದ್ದು ತಿಂತಾಳ,” ಎಂದು ಅವ್ವ ಬೆಲ್ಲವನ್ನು ಅಟ್ಟಕ್ಕೇರಿಸಿದಳು. ಅತ್ತೆಗೆ ಅಟ್ಟ ಹತ್ತುವುದು ಕನಸಿನ ಮಾತು. ಆದರೂ ಬೆಲ್ಲ ಕಡಿಮೆಯಾದರೆ ಅವಳದೇ ಹೆಸರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕದ ಮಾತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಒಬ್ಬ ವೈದ್ಯೆ ಇಂಥ ಭಾರದ ಮೈಯವರ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ವಾರ್ಡಿನಲ್ಲೇ ಇಟ್ಟುಕೊಂಡು, ಅಳೆದ ಊಟವನ್ನಷ್ಟೇ ಕೊಟ್ಟು, ತೂಕ ನೋಡುವುದು. ಹೊರಗಿನ ತುತ್ತು ಮುಟ್ಟಿದವರು ಮನೆಗೆ. ಊರಿನ ನರ್ಸಬಾಯಿ ಬಂದು ಇದನ್ನು ಹೇಳಿದಾಗ ಅತ್ತೆ ಎದ್ದು ಕೂತಳು. “ಕದ್ದು ತಿಂತೀನೋ ಇಲ್ಲೋ, ಅಲ್ಲಿ ತಿಳೀತೈತಿ. ನಾ ಹೋಗಾಕಿ.” ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂರಿಸಿ ಕರೆದೊಯ್ದೆವು. ನೋಡಿಕೊಳ್ಳಲು ನಾನು ಅಲ್ಲೇ ಉಳಿದೆ.

ವಾರ ತುಂಬುವುದರೊಳಗೆ ಅವ್ವ ಬುತ್ತಿಗಂಟು ಹೊತ್ತು ಬಂದಳು: ಕರಿಗಡಬು, ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ. ಬೆಲ್ಲ ಬಚ್ಚಿಟ್ಟ ಮಹಾತಾಯಿಯೇ! ನಮ್ಮ ಕಡೆ ಆಸ್ಪತ್ರೆಗೆ ಬರಿಗೈಲಿ ಹೋಗುವುದುಂಟೇ? “ನಾದಿನೀನ್ನ ಉಪಾಸ ಕೆಡವ್ಯಾಳ ಅಂತ ಮಂದಿ ಆಡಿಕೊಳ್ತಾರ. ಒಂದ ತಿನ್ನು,” ಎಂದು ಕಡಬು ಮುರಿದು ಬಾಯಿಗೇ ಹಿಡಿದಳು. ತಿಂದರೆ ಕಳ್ಳಿ, ಬಿಟ್ಟರೆ ತವರಿನ ಅನ್ನ ಒದ್ದವಳು. ಅತ್ತೆಯ ಕಣ್ಣಲ್ಲಿ ನೀರು ಬಂತು.

“ವೈನಿ, ಇದನ್ನ ತಿಂದ್ರ ಸಾಯೂತನಕ ನಾ ಕಳ್ಳೀನ. ಒಯ್ರಿ.”

ಅವ್ವ ಅಳುತ್ತ ಹೋದಳು. ಆಮೇಲೆ ಮನೆಯಿಂದ ಯಾರೂ ಬರಲಿಲ್ಲ. ಹಸಿವು ತಡೆಯದಾದಾಗ ಅತ್ತೆ ಸೆರಗು ಕಚ್ಚಿಕೊಂಡು ಕೂರುತ್ತಿದ್ದಳು. ನಾನು ಮಾತ್ರ ಅವಳ ಕಣ್ಣು ತಪ್ಪಿಸಿ ವರಾಂಡದಲ್ಲಿ ಉಂಡು ಬರುತ್ತಿದ್ದೆ.

ಕೊನೆಗೆ ವೈದ್ಯೆಯೇ ಜೀಪಿನಲ್ಲಿ ಅವಳನ್ನು ಮನೆಗೆ ತಂದು ಬಿಟ್ಟರು. ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಕೊಟ್ಟದ್ದು ಬಿಟ್ಟು ಒಂದು ತುತ್ತು ಹೆಚ್ಚಿಗಿ ತಿಂದಿಲ್ರಿ ಇವರು. ಮೊದಲ ಸ್ವಲ್ಪ ತೂಕ ಇಳೀತು, ಆಮ್ಯಾಲೆ ನಿಂತ ಬಿಡ್ತು. ಮೈಯೇ ಹಟಾ ಹಿಡದೈತಿ. ಯಾಕಂತ ನಮಗೂ ಇನ್ನಾ ಪೂರ್ತಿ ತಿಳದಿಲ್ಲ. ಬೈಬ್ಯಾಡ್ರಿ.”

ಅವ್ವನ ಮುಖ ಸಣ್ಣದಾಯಿತು. “ಹಂಗಾರ ಇಷ್ಟು ವರ್ಷ ನಾ ಬೈದದ್ದು?”

“ಅದಕ್ಕ ಔಷಧ ಕೇಳೂದ ಮರತೆ, ವೈನಿ,” ಎಂದಳು ಅತ್ತೆ.

ಕಳ್ಳಿಯೆಂಬ ಹೆಸರು ಹೋಯಿತು, ಮೈ ಹೋಗಲಿಲ್ಲ. ಓಣಿಯ ನಗೆಯೂ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಕೋಣೆಯಲ್ಲಿ ಅತ್ತೆ ತೀರಿಕೊಂಡಳು.

ನನಗೂ ಈಗ ಅವಳದೇ ಮೈ ಬಂದಿದೆ. ಯಾರಾದರೂ “ಸ್ವಲ್ಪ ಕಡಿಮಿ ಉಣ್ಣಬಾರದ?” ಎಂದು ಬಾಯಿ ತೆರೆದರೆ ಸಾಕು, ಹಣ್ಣು ಮುದುಕಿಯಾದ ಅವ್ವ ಅವರ ಮೇಲೆ ಹರಿಹಾಯುತ್ತಾಳೆ. “ಆಕಿ ಎಷ್ಟ ಉಣ್ತಾಳ ಆಕೀನ ಕೇಳ್ರಿ. ಖರೇನ ಹೇಳ್ತಾಳ.” ಅವ್ವನ ಬಾಯಿಂದ ಆ ಮಾತನ್ನು ಅತ್ತೆ ಹಸಿದು ನನಗೆ ಗಳಿಸಿಕೊಟ್ಟಳು.